ಆಡಳಿತ ನಡೆಸಿದವರೇ ಅಧ್ಯಕ್ಷರಾಗಬೇಕಾ? ಅಮೆರಿಕದ ಹಳೇ ಜಗಳದ ಹಿನ್ನೆಲೆ

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಈ ಅಭ್ಯರ್ಥಿ ಎಲ್ಲಾದರೂ ಆಡಳಿತ ನಡೆಸಿದ್ದಾರಾ? ಅಲ್ಲಿನ ಸಂವಿಧಾನ ಮಾತ್ರ ಅದನ್ನು ಕೇಳುವುದೇ ಇಲ್ಲ. ಹುಟ್ಟಿನಿಂದಲೇ ಆ ದೇಶದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಅಲ್ಲಿ ವಾಸವಿರಬೇಕು. ಅಷ್ಟೇ.

ಮೊದಲ ನೂರೈವತ್ತು ವರ್ಷಗಳಲ್ಲಿ ಸೇನಾನಿಗಳು, ವಕೀಲರು, ವಿದೇಶಾಂಗ ಮಂತ್ರಿಗಳು, ಕೊನೆಗೆ ಗಣಿ ಎಂಜಿನಿಯರ್ ಆಗಿದ್ದ ಹೂವರ್ ಕೂಡ ಆ ಕುರ್ಚಿಯಲ್ಲಿ ಕೂತರು. ಜೇಮ್ಸ್ ಬುಕ್ಯಾನನ್ ಅವರಷ್ಟು ಅನುಭವ ಇದ್ದವರು ಕಡಿಮೆ. ಸಂಸದ, ಸೆನೆಟರ್, ರಾಯಭಾರಿ, ವಿದೇಶಾಂಗ ಮಂತ್ರಿ ಎಲ್ಲ ಆಗಿದ್ದರು. ಆದರೂ ಇತಿಹಾಸಕಾರರ ಲೆಕ್ಕದಲ್ಲಿ ಅವರಿಗೆ ಸಾಮಾನ್ಯವಾಗಿ ಸಿಗುವುದು ಕೊನೆಯ ಸಾಲು. ಅವರ ನಂತರ ಬಂದ ಲಿಂಕನ್ ಸಂಸತ್ತಿನಲ್ಲಿ ಕಳೆದದ್ದು ಎರಡೇ ವರ್ಷ.

ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಗಿ ಬಂದ ವಾಟರ್‌ಗೇಟ್ ಹಗರಣದ ನಂತರ ಗಾಳಿ ಬದಲಾಯಿತು. ವಾಷಿಂಗ್ಟನ್ನಿನವರು ಬೇಡ, ಹೊರಗಿನವರು ಬರಲಿ ಎಂಬ ಮನಸ್ಸು ಜನರಲ್ಲಿ ಬಂತು. ಗವರ್ನರ್‌ಗಳಿಗೆ ಇದು ವರವಾಯಿತು. (ಅಲ್ಲಿ ಗವರ್ನರ್ ಎಂದರೆ ಜನರೇ ಆರಿಸಿ ಕಳಿಸುವ, ರಾಜ್ಯ ಆಳುವ ವ್ಯಕ್ತಿ.) 1976ರಿಂದ 2004ರವರೆಗಿನ 8 ಚುನಾವಣೆಗಳಲ್ಲಿ 7 ಬಾರಿ ಗೆದ್ದವರು ಗವರ್ನರ್ ಆಗಿದ್ದವರೇ: ಕಾರ್ಟರ್, ರೇಗನ್, ಕ್ಲಿಂಟನ್, ಕಿರಿಯ ಬುಷ್. ಬಜೆಟ್ ಸರಿದೂಗಿಸಿದ್ದೇವೆ, ಮಸೂದೆಗಳಿಗೆ ಸಹಿ ಹಾಕಿದ್ದೇವೆ, ಬೇಡವಾದವನ್ನು ತಡೆಹಿಡಿದಿದ್ದೇವೆ ಎಂದು ಅವರು ಹೇಳಬಹುದಿತ್ತು. ಆದರೆ ಎಲ್ಲ ಗವರ್ನರ್ ಹುದ್ದೆಗಳೂ ಒಂದೇ ತೂಕದವಲ್ಲ. ಟೆಕ್ಸಾಸ್‌ನಲ್ಲಿ ಆ ಹುದ್ದೆಗಿರುವ ಅಧಿಕಾರ ಹೊರಗಿನವರು ಅಂದುಕೊಂಡದ್ದಕ್ಕಿಂತ ಕಡಿಮೆ. ವಿದೇಶಾಂಗ ನೀತಿಯಂತೂ ಯಾವ ಗವರ್ನರ್ ಮೇಜಿಗೂ ಬರುವುದಿಲ್ಲ.

ಜಗಳ ನಿಜಕ್ಕೂ ಕಾವೇರಿದ್ದು 2008ರಲ್ಲಿ. ಮೊದಲು ಡೆಮಾಕ್ರಟಿಕ್ ಪಕ್ಷದ ಒಳಗೇ, ಹಿಲರಿ ಕ್ಲಿಂಟನ್ ಮತ್ತು ಒಬಾಮ ನಡುವೆ ಕಿತ್ತಾಟ. ಬೆಳಗಿನ ಜಾವ 3 ಗಂಟೆಗೆ ಶ್ವೇತಭವನದ ಫೋನ್ ಬಡಿದರೆ ಯಾರು ಎತ್ತಬೇಕು ಎಂದು ಹಿಲರಿ ಕ್ಲಿಂಟನ್ ಬಣ ಜಾಹೀರಾತು ಬಿಟ್ಟಿತು. ಆಮೇಲೆ ಕಣದಲ್ಲಿ ಉಳಿದ ಇಬ್ಬರು, ಡೆಮಾಕ್ರಟಿಕ್ ಪಕ್ಷದ ಒಬಾಮ ಮತ್ತು ರಿಪಬ್ಲಿಕನ್ ಪಕ್ಷದ ಮೆಕೇನ್, ಇಬ್ಬರೂ ಹಾಲಿ ಸೆನೆಟರ್‌ಗಳು. ಯಾರೂ ರಾಜ್ಯ ಆಳಿದವರಲ್ಲ. ಆಗ ರಿಪಬ್ಲಿಕನ್ ಪಕ್ಷ ಉಪಾಧ್ಯಕ್ಷ ಸ್ಥಾನಕ್ಕೆ ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್ ಅವರನ್ನು ನಿಲ್ಲಿಸಿತು. ಗವರ್ನರ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ, ಅದಕ್ಕೂ ಮೊದಲು ವಸಿಲ್ಲಾ ಎಂಬ ಪುಟ್ಟ ಊರಿನ ಮೇಯರ್. ಆದರೂ ಎರಡೂ ಪಕ್ಷಗಳ ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳು ಸೇರಿ ನಾಲ್ವರಲ್ಲಿ ಆಡಳಿತ ನಡೆಸಿದ್ದು ಇವರೊಬ್ಬರೇ ಎಂದು ಬೆಂಬಲಿಗರು ವಾದಿಸಿದರು. ಸುಳ್ಳೇನಲ್ಲ. ಆದರೆ ಅದೇ ಅಳತೆಯಲ್ಲಿ ಮೆಕೇನ್ ಕೂಡ ಹಿಂದೆ ಬೀಳುತ್ತಿದ್ದರು, ಅಲ್ವಾ? ಅದನ್ನು ಯಾರೂ ಜಾಸ್ತಿ ಕೆದಕಲಿಲ್ಲ. ಒಬಾಮ ಕೊಟ್ಟ ಉತ್ತರವೂ ತಮಾಷೆಯದ್ದೇ. ತಮ್ಮ ಚುನಾವಣಾ ಪ್ರಚಾರದ ಸಿಬ್ಬಂದಿ ಮತ್ತು ಬಜೆಟ್ಟನ್ನು ಅವರು ವಸಿಲ್ಲಾ ಊರಿನದರ ಜೊತೆ ಹೋಲಿಸಿ, ಇದೂ ಆಡಳಿತವೇ ಅಂದರು. ಪೇಲಿನ್ ಆಗಲೇ ಗವರ್ನರ್ ಆಗಿದ್ದದ್ದು ಆ ಹೋಲಿಕೆಯಲ್ಲಿ ಕಾಣಲಿಲ್ಲ.

2012ರಲ್ಲಿ ರಿಪಬ್ಲಿಕನ್ ಪಕ್ಷದಿಂದ ರಾಮ್ನಿ ಬಂದರು. ಬೇನ್ ಕ್ಯಾಪಿಟಲ್ ಕಂಪನಿ, ಸಾಲ್ಟ್ ಲೇಕ್ ಒಲಿಂಪಿಕ್ಸ್, ಮ್ಯಾಸಚೂಸೆಟ್ಸ್ ರಾಜ್ಯ, ಮೂರನ್ನೂ ನಡೆಸಿದವರು. ಸೋತರು. 2016ರಲ್ಲಿ ಅದೇ ಪಕ್ಷದಿಂದ ಗೆದ್ದ ಟ್ರಂಪ್, ಸರ್ಕಾರಿ ಹುದ್ದೆಯಾಗಲಿ ಸೇನಾ ಸೇವೆಯಾಗಲಿ ಇಲ್ಲದೆ ಅಧ್ಯಕ್ಷರಾದ ಮೊದಲಿಗರು. ಆ ಹೊತ್ತಿಗೆ ಎರಡೂ ಕಡೆಯವರು ಜಾಗ ಅದಲುಬದಲು ಮಾಡಿಕೊಂಡಿದ್ದರು. 2008ರಲ್ಲಿ ಸರ್ಕಾರ ನಡೆಸಿದ ಅನುಭವ ಬೇಕು ಎಂದಿದ್ದ ರಿಪಬ್ಲಿಕನ್ನರಿಗೆ ಈಗ ಕಂಪನಿ ನಡೆಸಿದ್ದೇ ಸಾಕಾಯಿತು. ಅನುಭವಕ್ಕಿಂತ ವಿವೇಕ ಮುಖ್ಯ ಎಂದಿದ್ದ ಡೆಮಾಕ್ರಟರು ಹಿಲರಿ ಕ್ಲಿಂಟನ್ ಅವರ ಅನುಭವದ ಪಟ್ಟಿ ಹಿಡಿದು ಮತ ಕೇಳುತ್ತಿದ್ದರು.