ಇಥಿಯೋಪಿಯಾದ ರಜಾದಿನಗಳು: ಜಾರುವ ತಾರೀಖು, ಜಾರದ ಗೆನ್ನಾ

ಇಥಿಯೋಪಿಯಾದ ಹಬ್ಬಗಳನ್ನು ಇಂಗ್ಲಿಷ್ ತಾರೀಖಿನಲ್ಲಿ ಬಾಯಿಪಾಠ ಮಾಡಲು ಹೋಗಬೇಡಿ. ಹೊಸ ವರ್ಷ ಸೆಪ್ಟೆಂಬರ್ 11 ಅಂತ ಒಂದು ಕಡೆ ಇರುತ್ತದೆ, 12 ಅಂತ ಇನ್ನೊಂದು ಕಡೆ. ತಿಮ್ಕತ್, ಅಂದರೆ ಯೇಸುವಿನ ದೀಕ್ಷಾಸ್ನಾನದ ಹಬ್ಬ, ಒಂದು ವರ್ಷ ಜನವರಿ 19, ಇನ್ನೊಂದು ವರ್ಷ 20. ಎರಡೂ ಸರಿಯೇ. ಯುಗಾದಿ ಅಂದರೆ ನಮಗೆ ಚೈತ್ರ ಶುದ್ಧ ಪಾಡ್ಯ, ಇಂಗ್ಲಿಷ್ ತಾರೀಖು ಯಾವುದಾದರೂ ಇರಲಿ, ಅಲ್ವಾ? ಅವರದೂ ಹಾಗೇ. ಅವರ ತಿಂಗಳು, ಅವರ ದಿನ ನೆನಪಿಟ್ಟುಕೊಂಡರೆ ಉಳಿದದ್ದು ಬರೀ ಲೆಕ್ಕ.

ಲೆಕ್ಕದ ಬುನಾದಿ ಸುಲಭ. ತಲಾ 30 ದಿನಗಳ 12 ತಿಂಗಳು, ಕೊನೆಗೆ ಪಾಗುಮೆ ಎಂಬ 13ನೇ ಪುಟ್ಟ ತಿಂಗಳು. ಪಾಗುಮೆಗೆ 5 ದಿನ, ನಾಲ್ಕು ವರ್ಷಕ್ಕೊಮ್ಮೆ 6. ವರ್ಷ ಶುರುವಾಗುವುದು ಮೆಸ್ಕೆರೆಮ್ 1ಕ್ಕೆ, ಸಾಮಾನ್ಯವಾಗಿ ಅದು ಸೆಪ್ಟೆಂಬರ್ 11. ಇಸವಿ ಬೇಕಿದ್ದರೆ ಹೊಸ ವರ್ಷದಿಂದ ಡಿಸೆಂಬರ್ 31ರವರೆಗೆ ನಮ್ಮ ಇಸವಿಯಲ್ಲಿ 7 ಕಳೆಯಿರಿ, ಜನವರಿಯಿಂದ ಮುಂದಿನ ಹೊಸ ವರ್ಷದವರೆಗೆ 8. ಅದಕ್ಕೇ ಅವರು 2000ನೇ ಇಸವಿಯನ್ನು ಸ್ವಾಗತಿಸಿದ್ದು 2007ರ ಸೆಪ್ಟೆಂಬರ್ 12ರಂದು.

ಇಲ್ಲಿ 12 ಯಾಕೆ ಬಂತು? ಎಲ್ಲರಿಗೂ ತೊಡಕಾಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ.

ಅಧಿಕ ದಿನ ಎರಡೂ ಕ್ಯಾಲೆಂಡರ್‌ಗಳಲ್ಲಿ ಇದೆ. ನಾವು ಅದನ್ನು ಫೆಬ್ರವರಿ 29 ಅಂತ ಸೇರಿಸುತ್ತೇವೆ. ಅವರು ತಮ್ಮ ವರ್ಷದ ಕೊನೆಗೆ, ಪಾಗುಮೆ 6 ಅಂತ ಸೇರಿಸುತ್ತಾರೆ. ಅವರದು ನಮಗಿಂತ ಐದೂವರೆ ತಿಂಗಳು ಮೊದಲೇ ಬರುತ್ತದೆ. 2023 ತೆಗೆದುಕೊಳ್ಳಿ. ಆ ವರ್ಷ ಸೆಪ್ಟೆಂಬರ್ 11 ಅವರಿಗೆ ಪಾಗುಮೆ 6 ಆಯಿತು, ಹೊಸ ವರ್ಷ ಒಂದು ದಿನ ಮುಂದೆ ಹೋಗಿ ಸೆಪ್ಟೆಂಬರ್ 12ಕ್ಕೆ ಬಂತು. ಅಲ್ಲಿಂದ ಮುಂದಿನ ಎಲ್ಲಾ ದಿನಗಳೂ ಒಂದೊಂದು ದಿನ ಜಾರಿದವು. ಮೆಸ್ಕೆರೆಮ್ 17ರ ಮೆಸ್ಕೆಲ್ (ಯೇಸುವಿನ ಶಿಲುಬೆ ಸಿಕ್ಕ ನೆನಪಿನ ಹಬ್ಬ) ಸೆಪ್ಟೆಂಬರ್ 27ರ ಬದಲು 28ಕ್ಕೆ. ತಿರ್ 11ರ ತಿಮ್ಕತ್ 2024ರ ಜನವರಿ 20ಕ್ಕೆ. ಆಮೇಲೆ ನಮ್ಮ ಫೆಬ್ರವರಿ 29 ಬಂತು, ನಾವೂ ಒಂದು ದಿನ ಸೇರಿಸಿದೆವು, ಲೆಕ್ಕ ಸಮ ಆಯಿತು. ಆದ್ದರಿಂದ ಮಾರ್ಚ್‌ನಿಂದ ಮುಂದಿನ ರಜೆಗಳು ಜಾರುವುದೇ ಇಲ್ಲ. ಆಡ್ವಾ ವಿಜಯ ದಿನ ಮಾರ್ಚ್ 2, ದೇಶಭಕ್ತರ ವಿಜಯ ದಿನ ಮೇ 5, ಇವು ಯಾವ ವರ್ಷವೂ ಕದಲುವುದಿಲ್ಲ.

ಯಾವ ವರ್ಷ ಜಾರುತ್ತದೆ ಅಂತ ತಿಳಿಯಲು ನನ್ನ ನೆಚ್ಚಿನ ದಾರಿ ಇದು. ಅವರ ಇಸವಿಯನ್ನು 4ರಿಂದ ಭಾಗಿಸಿ. ಶೇಷ 3 ಬಂದರೆ ಆ ವರ್ಷದ ಪಾಗುಮೆಗೆ 6 ದಿನ. ಶೇಷ 0 ಬಂದರೆ ಅದು ಜಾರಿದ ವರ್ಷ. ನಾಲ್ಕು ವರ್ಷಗಳಿಗೆ ಬೈಬಲ್‌ನ ನಾಲ್ಕು ಸುವಾರ್ತೆಗಳನ್ನು ಬರೆದವರ ಹೆಸರು ಇಟ್ಟಿದ್ದಾರೆ: ಮತ್ತಾಯ, ಮಾರ್ಕ, ಲೂಕ, ಯೋಹಾನ. ಲೂಕನ ವರ್ಷ ಒಂದು ದಿನ ಉದ್ದ, ಯೋಹಾನನ ವರ್ಷದಲ್ಲಿ ತಾರೀಖು ಜಾರುತ್ತದೆ. ಅವರ 2016 ಯೋಹಾನನ ವರ್ಷ. ಮುಂದಿನದು 2020, ಅದು ಶುರುವಾಗುವುದು 2027ರ ಸೆಪ್ಟೆಂಬರ್ 12ಕ್ಕೆ.

ಈಗ ಗೆನ್ನಾ, ಅಂದರೆ ಅವರ ಕ್ರಿಸ್‌ಮಸ್. ದಿನ ಅವರ ನಾಲ್ಕನೇ ತಿಂಗಳಾದ ತಹ್ಸಾಸ್ 29, ನಮಗೆ ಜನವರಿ 7. ಮೇಲಿನ ನಿಯಮದ ಪ್ರಕಾರ 2024ರಲ್ಲಿ ಅದು ಜನವರಿ 8 ಆಗಬೇಕಿತ್ತು. ಆಗಲಿಲ್ಲ, 7ಕ್ಕೇ ನಿಂತಿತು. ಹಿಂದಿನ ಮೆಸ್ಕೆಲ್ ಜಾರಿತು, ಮುಂದಿನ ತಿಮ್ಕತ್ ಜಾರಿತು, ನಡುವಿನ ಗೆನ್ನಾ ಮಾತ್ರ ಜಾರಲಿಲ್ಲ! ಕಾರಣ ಏನೆಂದರೆ, ಯೇಸು ಹುಟ್ಟುತ್ತಾನೆ ಅಂತ ದೇವದೂತ ಮರಿಯಳಿಗೆ ಸುದ್ದಿ ಹೇಳಿದ, ಅಂದರೆ ಅವಳು ಗರ್ಭ ಧರಿಸಿದ ದಿನವನ್ನು ಅಲ್ಲಿನ ಚರ್ಚ್ ಏಳನೇ ತಿಂಗಳಾದ ಮೆಗಾಬಿತ್ 29 ಅಂತ ಹಿಡಿಯುತ್ತದೆ. ಅಲ್ಲಿಂದ ತಹ್ಸಾಸ್ 29ಕ್ಕೆ ಎಣಿಸಿ ನೋಡಿ. 12ನೇ ತಿಂಗಳಾದ ನೆಹಾಸೆ 29ರವರೆಗೆ 150 ದಿನ. ಅಲ್ಲಿಂದ ಮೆಸ್ಕೆರೆಮ್ 29ಕ್ಕೆ 30 ಮತ್ತು ಪಾಗುಮೆಯ 5, ಒಟ್ಟು 185. ಇನ್ನು ಮೂರು ತಿಂಗಳಿಗೆ 90. ಎಲ್ಲಾ ಸೇರಿ 275, ಅಂದರೆ 9 ತಿಂಗಳು 5 ದಿನ. ಪಾಗುಮೆಗೆ 6 ದಿನ ಇದ್ದರೆ ಇದು 276 ಆಗಿಬಿಡುತ್ತದೆ. ಗರ್ಭದ ದಿನ ಹೆಚ್ಚಾಗಬಾರದು, ಹಾಗಾಗಿ ಯೋಹಾನನ ವರ್ಷದಲ್ಲಿ ಗೆನ್ನಾವನ್ನು ತಹ್ಸಾಸ್ 28ಕ್ಕೆ ಮಾಡುತ್ತಾರೆ. ಎಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿ! 2028ರಲ್ಲೂ ಇದೇ ಆಗುತ್ತದೆ: ಗೆನ್ನಾ ಜನವರಿ 7, ತಿಮ್ಕತ್ ಜನವರಿ 20.

ಆಡ್ವಾದಲ್ಲೂ ಇಂಥದ್ದೇ ಒಂದು ಗಂಟಿದೆ. ಚಕ್ರವರ್ತಿ ಎರಡನೇ ಮೆನೆಲಿಕ್ ಮತ್ತು ರಾಣಿ ತಾಯ್ತು ಅವರ ಸೈನ್ಯ ಇಟಲಿಯನ್ನು ಸೋಲಿಸಿದ್ದು 1896ರ ಮಾರ್ಚ್ 1ರಂದು ಅಂತ ಇತಿಹಾಸದ ಪುಸ್ತಕಗಳಲ್ಲಿದೆ. ರಜೆ ಮಾತ್ರ ಮಾರ್ಚ್ 2. ಇಥಿಯೋಪಿಯಾದವರಿಗೆ ಎರಡೂ ಯೆಕಾತಿತ್ 23. 1900ರಲ್ಲಿ ನಮ್ಮ ಕ್ಯಾಲೆಂಡರ್ ಫೆಬ್ರವರಿ 29ನ್ನು ಬಿಟ್ಟಿತು, ಅವರದು ಅಧಿಕ ದಿನವನ್ನು ಬಿಡಲಿಲ್ಲ, ಅಂತರ ಒಂದು ದಿನ ಜಾಸ್ತಿ ಆಯಿತು.

ಉಳಿದವನ್ನು ಬೇಗ ಮುಗಿಸೋಣ. ಮೇ 5ಕ್ಕೆ ಎರಡು ಇಸವಿ ಬೇಕು: 1936ರಲ್ಲಿ ಅಂದು ಇಟಲಿಯ ಸೈನ್ಯ ಅಡಿಸ್ ಅಬಾಬಾಕ್ಕೆ ನುಗ್ಗಿತು, 1941ರಲ್ಲಿ ಅದೇ ದಿನ ಚಕ್ರವರ್ತಿ ಹೈಲೆ ಸೆಲಾಸಿ ರಾಜಧಾನಿಗೆ ಮರಳಿದರು. ಮೆಸ್ಕೆಲ್‌ನ ಹಿಂದಿನ ದಿನ ದೆಮೆರಾ. ಉದ್ದುದ್ದ ಕಂಬಗಳನ್ನು ಒಟ್ಟಿಗೆ ನಿಲ್ಲಿಸಿ, ಹಳದಿ ಆದೆಯ್ ಹೂವು ಸಿಕ್ಕಿಸಿ ಬೆಂಕಿ ಇಡುತ್ತಾರೆ, ಅದು ಯಾವ ದಿಕ್ಕಿಗೆ ಬೀಳುತ್ತದೆ ಅಂತ ಎಲ್ಲರೂ ಕಾದು ನೋಡುತ್ತಾರೆ. ತಿಮ್ಕತ್ ನನಗೆ ಬಹಳ ಇಷ್ಟ. ಹಿಂದಿನ ಸಂಜೆ ಪಾದ್ರಿಗಳು ಚರ್ಚಿನ ತಾಬೊತ್ (ದೇವರ ಆಜ್ಞೆಗಳ ಹಲಗೆಯ ಪವಿತ್ರ ಪ್ರತಿರೂಪ) ಅನ್ನು ಜರಿ ಬಟ್ಟೆಯಲ್ಲಿ ಸುತ್ತಿ ತಲೆ ಮೇಲೆ ಹೊತ್ತು, ಬಣ್ಣದ ಕೊಡೆಗಳ ಕೆಳಗೆ ನೀರಿನ ದಡಕ್ಕೆ ತರುತ್ತಾರೆ. ರಾತ್ರಿಯೆಲ್ಲ ಪ್ರಾರ್ಥನೆ. ಬೆಳಿಗ್ಗೆ ನೀರನ್ನು ಆಶೀರ್ವದಿಸಿದ ಮೇಲೆ ಜನರ ಮೇಲೆ ಎರಚುತ್ತಾರೆ, ಗೊಂಡರ್‌ನ ಫಾಸಿಲಿದೆಸ್ ಕೊಳಕ್ಕಂತೂ ಹುಡುಗರು ಹಾರಿಯೇ ಬಿಡುತ್ತಾರೆ. ಮೆಸ್ಕೆಲ್ 2013ರಲ್ಲಿ, ತಿಮ್ಕತ್ 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು.

ಫಾಸಿಕಾ, ಅಂದರೆ ಈಸ್ಟರ್, ಈ ಯಾವ ನಿಯಮಕ್ಕೂ ಸಿಗುವುದಿಲ್ಲ, ಪ್ರತಿ ವರ್ಷ ಬೇರೆ ದಿನ. ಅದಕ್ಕೆ ಮೊದಲು 55 ದಿನ ಮಾಂಸ, ಹಾಲು, ಮೊಟ್ಟೆ ಇಲ್ಲ. 2024ರಲ್ಲಿ ಅದು ಮೇ 5ಕ್ಕೇ ಬಂದು ಎರಡು ರಜೆ ಒಂದೇ ದಿನ ಬಿದ್ದವು.

ಮುಸ್ಲಿಂ ರಜೆಗಳು ಮೂರು: ಈದ್ ಅಲ್ ಫಿತರ್, ಬಕ್ರೀದ್, ಮೌಲಿದ್ (ಪ್ರವಾದಿಯ ಜನ್ಮದಿನ). ಇವು ಚಂದ್ರನ ಲೆಕ್ಕದವು, ಭಾಗಾಕಾರದಿಂದ ಸಿಗುವುದಿಲ್ಲ. ಇವುಗಳ ಬಗ್ಗೆ ತಾರೀಖಿಗಿಂತ ಮುಖ್ಯವಾದ ವಿಷಯ ಒಂದಿದೆ. ಚಕ್ರವರ್ತಿಯ ಕಾಲದಲ್ಲಿ ಇವು ಸರ್ಕಾರಿ ರಜೆಗಳಾಗಿರಲಿಲ್ಲ. 1974ರ ಏಪ್ರಿಲ್‌ನಲ್ಲಿ ಮುಸ್ಲಿಮರಿಗೆ ಸಮಾನತೆ ಕೇಳಿ ಅಡಿಸ್ ಅಬಾಬಾದಲ್ಲಿ ಭಾರೀ ಮೆರವಣಿಗೆ ನಡೆಯಿತು, ಅದೇ ವರ್ಷ ಚಕ್ರವರ್ತಿ ಪದಚ್ಯುತರಾದರು, ಆಮೇಲೆ ಬಂದ ದೆರ್ಗ್ ಎಂಬ ಸೈನಿಕ ಆಡಳಿತ ಈ ಮೂರನ್ನೂ ರಾಷ್ಟ್ರೀಯ ರಜೆಗಳ ಪಟ್ಟಿಗೆ ಸೇರಿಸಿತು.