ನಟ್ಟು ಎಣ್ಣೆಯನ್ನು ತಡೆಯುವುದಿಲ್ಲ

ಅಮೆರಿಕದ ಮಿಷಿಗನ್, ಓಹಿಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮವೇನೋ ಕರಗುತ್ತದೆ, ಪಿಕಪ್ ಟ್ರಕ್ಕಿನ ಹೊಟ್ಟೆಯಡಿಯ ಉಕ್ಕಿನ ಕೊಳವೆಗಳೂ ತುಕ್ಕು ಹಿಡಿಯುತ್ತವೆ. ಇಪ್ಪತ್ತು ವರ್ಷ ಹಳೆಯ ಶೆವರ್ಲೆ ಸಿಲ್ವೆರಾಡೊ ನಿಂತ ಜಾಗದಲ್ಲಿ ಕೆಂಪು ಕಲೆ ಕಂಡರೆ ಅದು ಬಹುತೇಕ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ. ತಂಪಾಗಲೆಂದು ರೇಡಿಯೇಟರಿಗೆ ಹೋಗಿಬರುವ ದಾರಿಯಲ್ಲಿ ಯಾವುದೋ ಜೋಡಣೆಯಿಂದ ಅದು ಜಿನುಗಿರುತ್ತದೆ. ಮಾಲೀಕ ಸ್ಪ್ಯಾನರ್ ಹಿಡಿದು ನಟ್ಟನ್ನು ಮತ್ತಷ್ಟು ಬಿಗಿಯುತ್ತಾನೆ. ನಿಲ್ಲದಿದ್ದರೆ ನಲ್ಲಿಗೆ ಸುತ್ತುವ ಬಿಳಿ ಟೇಪು. ಎರಡೂ ಒಂದೇ ಮೂಢನಂಬಿಕೆಯ ಮಕ್ಕಳು: ನಟ್ಟಿನ ತಿರುಪು ಎಣ್ಣೆಯನ್ನು ತಡೆಯುತ್ತದೆ ಎಂಬುದು.

ಈ ಜೋಡಣೆಗಳಲ್ಲಿ ತಿರುಪು ತಡೆಯುವುದಿಲ್ಲ, ಒತ್ತಿ ಹಿಡಿಯುತ್ತದೆ, ಅಷ್ಟೆ. ಹಿಡಿಯುವವನು ಬೇರೆ, ತಡೆಯುವವನು ಬೇರೆ.

ಗೇರ್‌ಬಾಕ್ಸಿನ ಎಣ್ಣೆ ಬಿಸಿಯಾಗುವುದೇಕೆ? ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಇದ್ದರೆ ಅದೇ, ಎಂಜಿನ್ನಿನ ತಿರುಗುಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಮೂಲತತ್ವ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದನ್ನು ಯೋಚಿಸಿದ್ದು ಹಡಗುಗಳಿಗಾಗಿ. ಎರಡನೆಯ ಚಕ್ರ ಮೊದಲನೆಯದಕ್ಕಿಂತ ಹಿಂದೆ ಬಿದ್ದಷ್ಟೂ ಶಕ್ತಿ ಕಡೆತದಲ್ಲಿ ಸೋರಿ ಶಾಖವಾಗುತ್ತದೆ. ಭಾರದ ಟ್ರೇಲರ್ ಎಳೆದು ಗುಡ್ಡ ಹತ್ತುವ ಟ್ರಕ್ಕಿನಲ್ಲಿ ಈ ಕಡೆತ ವಿಪರೀತ. ಇನ್ನೊಂದು ವಿಚಿತ್ರ: 1970ರ ದಶಕದ ಆರಂಭದವರೆಗೂ ಈ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಅಳಿವಿನಂಚಿನ ಜೀವಿಗಳ ಕಾನೂನು ಬಂದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು.

ಸಿಲ್ವೆರಾಡೊದಂಥ ಟ್ರಕ್ಕುಗಳಲ್ಲಿ ಕೊಳವೆಯನ್ನು ಒಳಕ್ಕೆ ತಳ್ಳಿದರೆ ತಂತಿಯ ಕ್ಲಿಪ್ಪೊಂದು ಟಕ್ಕೆಂದು ಹಿಡಿದುಕೊಳ್ಳುತ್ತದೆ. ಎಣ್ಣೆಯನ್ನು ತಡೆಯುವುದು ಮಾತ್ರ ಒಳಗಿನ ರಬ್ಬರ್ ಬಳೆ, ಓ-ರಿಂಗ್. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ನೀಲ್ಸ್ ಕ್ರಿಸ್ಟೆನ್ಸೆನ್ ಎಪ್ಪತ್ತು ದಾಟಿದ ಮೇಲೆ ಅರ್ಜಿ ಹಾಕಿ ಇದಕ್ಕೆ ಪೇಟೆಂಟ್ ಪಡೆದದ್ದು 1939ರಲ್ಲಿ. ಸಿಲ್ವೆರಾಡೊ ತಯಾರಿಸುವ ಜನರಲ್ ಮೋಟರ್ಸ್ ತನ್ನ ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಹೊರತಂದದ್ದೂ ಅದೇ ವರ್ಷ!

ಓ-ರಿಂಗಿನ ಚಮತ್ಕಾರವೆಂದರೆ ಶತ್ರುವಿನ ಬಲವೇ ಅದರ ಬಲ. ಹಳೆಯ ಸೈಕಲ್ಲಿನ ವಾಲ್‌ಟ್ಯೂಬ್ ನೆನಪಿದೆಯೇ? ಟ್ಯೂಬಿನೊಳಗಿನ ಗಾಳಿ ಆ ಪುಟ್ಟ ರಬ್ಬರನ್ನು ತೂತಿನ ಮೇಲೆ ಒತ್ತಿ ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಒಳಮುಚ್ಚಳದ ಪ್ರೆಷರ್ ಕುಕ್ಕರಿನಲ್ಲೂ ಆವಿಯೇ ಮುಚ್ಚಳವನ್ನು ಅಂಚಿಗೆ ಒತ್ತುತ್ತದೆ. ಒಳಕ್ಕೆ ತೆರೆಯುವ ಬಾಗಿಲನ್ನು ಒಳಗಿನ ಜನಜಂಗುಳಿ ತಳ್ಳಿದಷ್ಟೂ ಅದು ಭದ್ರವಾಗುವುದಿಲ್ಲವೇ, ಹಾಗೆ. ರಬ್ಬರನ್ನು ಹಿಂಡಿದರೆ ಆಕಾರ ಬದಲಾಗುತ್ತದೆ, ಗಾತ್ರ ಕುಗ್ಗುವುದಿಲ್ಲ. ಆದ್ದರಿಂದ ಒಂದು ಬದಿಯಿಂದ ಬಿದ್ದ ಒತ್ತಡವನ್ನು ಅದು ದ್ರವದಂತೆ ಎಲ್ಲ ಬದಿಗೂ ಹಂಚುತ್ತದೆ. ಜೋಡಿಸುವಾಗಲೇ ಬಿದ್ದ ಸಣ್ಣ ಹಿಂಡಿತಕ್ಕೆ ಎಣ್ಣೆಯ ಒತ್ತಡ ಸೇರಿಕೊಳ್ಳುತ್ತದೆ. ಹೀಗಾಗಿ ರಬ್ಬರು ಗೋಡೆಯನ್ನು ಒತ್ತುವ ಬಲ ಎಣ್ಣೆಯ ಒತ್ತಡಕ್ಕಿಂತ ಸದಾ ಒಂದು ಕೈ ಮೇಲು.

ಆದರೆ ಆ ಮೊದಲ ಹಿಂಡಿತ ಇರಬೇಕು. ವರ್ಷಗಟ್ಟಲೆ ಬಿಸಿಯೆಣ್ಣೆಯಲ್ಲಿ ಬೆಂದ ರಬ್ಬರು ಗಡುಸಾಗಿ, ಒತ್ತಿದ ಆಕಾರದಲ್ಲೇ ಚಪ್ಪಟೆಯಾಗಿ ಉಳಿಯುತ್ತದೆ. ಚಳಿಯಲ್ಲಿ ಇನ್ನೂ ಮೊಂಡು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆಯನ್ನು ಬಲಿ ತೆಗೆದುಕೊಂಡದ್ದು ಚಳಿಗೆ ಸೆಡೆತ ಇಂಥದೇ ಬಳೆ. ಕ್ಲಿಪ್ಪು ಬದಲಿಸಿ ಈ ಬಳೆಯನ್ನು ಬಿಟ್ಟರೆ ಏನು ಉಪಯೋಗ? ಶಾಖ ತಾಳುವ ಫ್ಲೋರೋಕಾರ್ಬನ್ ರಬ್ಬರಿನ ಹೊಸ ಬಳೆಯನ್ನು ಅದೇ ಎಣ್ಣೆಯಲ್ಲಿ ಅದ್ದಿ ಕೂರಿಸಬೇಕು. ಕೊಳವೆಯ ತುದಿಯಲ್ಲಿ ತುಕ್ಕಿನ ಗುಳಿಯಿದ್ದರೆ ಹೊಸ ಬಳೆಯೂ ಸೋಲುತ್ತದೆ. ಕೂಡಿಸಿದ ಮೇಲೆ ಒಮ್ಮೆ ಎಳೆದು ನೋಡಬೇಕು.

ನಟ್ಟಿನ ಜೋಡಣೆಯಲ್ಲಿ ತಡೆಯುವುದು ಕಹಳೆಯಂತೆ ಅರಳಿಸಿದ ಕೊಳವೆಯ ಬಾಯಿ. ವಾಹನಗಳಲ್ಲಿ ಅದರ ಕೋನ 45 ಡಿಗ್ರಿ, ವಿಮಾನದ ಮಾದರಿಯಲ್ಲಿ 37. ಒಂದಕ್ಕೆ ಇನ್ನೊಂದನ್ನು ಕೂಡಿಸಿ ಎಷ್ಟು ಬಿಗಿದರೂ ಬಾಯಿ ಸೀಳುತ್ತದೆಯೇ ಹೊರತು ಸೋರಿಕೆ ನಿಲ್ಲದು. ಟೇಪಿನ ಚೂರುಗಳಂತೂ ಗೇರ್‌ಬಾಕ್ಸಿನ ಕಿರಿದಾದ ಎಣ್ಣೆದಾರಿಗಳನ್ನು ಕಟ್ಟಬಲ್ಲವು.

ಕೊಳವೆಯೇ ಕೊಳೆತಿದ್ದರೆ ತಾಮ್ರ-ನಿಕಲ್ ಮಿಶ್ರಲೋಹದ ಕೊಳವೆ ಒಳ್ಳೆಯದು. ವೋಲ್ವೊ 1976ರಿಂದಲೇ ಬ್ರೇಕಿಗೆ ಇದನ್ನು ಬಳಸಿದೆ. ಬರಿ ತಾಮ್ರ ಬೇಡ, ಅದುರಿ ಅದುರಿ ಬಿರುಕು ಬಿಡುತ್ತದೆ. ಲೋಹಕ್ಕೆ ಅಮುಕಿ ಕೂರಿಸಿದ ರಬ್ಬರ್ ಹೋಸು ಜಿನುಗಿದರೆ ಆ ತುಂಡನ್ನೇ ಬದಲಿಸಬೇಕು. ಕ್ಲಾಂಪ್ ಹಾಕಿ ಹೊಸ ಹೋಸು ಜೋಡಿಸುವವರು ಕೊಳವೆಯ ತುದಿಯಲ್ಲಿ ಉಬ್ಬು ಮಾಡಿಕೊಳ್ಳದಿದ್ದರೆ ಬಿಸಿಯೆಣ್ಣೆ ಅದನ್ನು ಕಿತ್ತೊಗೆಯುತ್ತದೆ.

ಹನಿ ಬಿದ್ದ ಜಾಗವೇ ಸೋರಿದ ಜಾಗವೆಂದೂ ತಿಳಿಯಬೇಡಿ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳಿರುತ್ತದೆ. ಮೊದಲು ತೊಳೆದು ಒಣಗಿಸಿ, ಎಣ್ಣೆ ಬಿಸಿಯಾಗುವವರೆಗೆ ಓಡಿಸಿ, ಬಿಳಿ ಕಾಗದದಿಂದ ಒಂದೊಂದೇ ಜೋಡಣೆಯನ್ನು ಒರೆಸಿ ನೋಡಿ.