ನಿದ್ದೆ ಬಾರದವರು ಬೇಗ ಮಲಗಬಾರದು

ರಾತ್ರಿ ನಿದ್ದೆ ಬರುತ್ತಿಲ್ಲ ಅನ್ನುವವರು ಮೊದಲು ಮಾಡುವುದು ಬೇಗ ಮಲಗುವುದನ್ನು. ಹನ್ನೊಂದಕ್ಕೆ ಮಲಗಿದರೆ ನಿದ್ದೆ ಸಾಲುತ್ತಿಲ್ಲ, ಒಂಬತ್ತೂವರೆಗೇ ಹಾಸಿಗೆ ಸೇರೋಣ ಎಂಬ ಲೆಕ್ಕ. ನಾಲ್ಕು ದಿನದ ತೊಂದರೆ ವರ್ಷಗಟ್ಟಲೆ ಉಳಿದುಬಿಡುವುದಕ್ಕೆ ಎಷ್ಟೋ ಸಲ ಈ ಲೆಕ್ಕವೇ ಕಾರಣ.

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆಯ ಒತ್ತಡವೂ ಹೆಚ್ಚುತ್ತದೆ, ಮಲಗಿದಾಗ ಇಳಿಯುತ್ತದೆ. ಇನ್ನೊಂದು ಕಡೆ, ಕಣ್ಣಿಗೆ ಬೀಳುವ ಬೆಳಕನ್ನು ನೋಡಿಕೊಂಡು ನಡೆಯುವ ದೇಹದ ಗಡಿಯಾರವಿದೆ. ಇವೆರಡೂ ಕೂಡಿದಾಗಲೇ ಗಾಢ ನಿದ್ದೆ ಎಂದು ಜೂರಿಕ್‌ನ ನಿದ್ರಾ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಎದ್ದವರಿಗೆ ರಾತ್ರಿಯ ಹೊತ್ತಿಗೆ ಒತ್ತಡ ಸಾಲುವುದಿಲ್ಲ. ಸಂಜೆ ಐದರ ಫಿಲ್ಟರ್ ಕಾಫಿ ಮಾಡುವುದೂ ಇಂಥದೇ ಕೆಲಸ: ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಕುಡಿದದ್ದರಲ್ಲಿ ಅರ್ಧ ಕರಗಲಿಕ್ಕೇ ಸುಮಾರು ಐದು ಗಂಟೆ ಬೇಕು. ಹಾಗಾಗಿ ಕಾಫಿಯನ್ನು ಮಧ್ಯಾಹ್ನದ ಊಟದೊಳಗೆ ಮುಗಿಸುವುದು ಒಳ್ಳೆಯದು.

ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂಬುದು ಸುಮ್ಮನೆ ಹೇಳುವ ಮಾತಲ್ಲ. 1999ರಲ್ಲಿ ಷಿಕಾಗೋದ ಸಂಶೋಧಕರು ಆರೋಗ್ಯವಂತ ಯುವಕರನ್ನು ಆರು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಅಷ್ಟರಲ್ಲೇ ರಕ್ತದ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಂದಿತ್ತು. 2003ರ ಇನ್ನೊಂದು ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸಿಯಿತು. ಆತಂಕದ ವಿಷಯವೆಂದರೆ ಆ ಕುಸಿತ ಅವರಿಗೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ‘ನನಗೆ ಐದು ಗಂಟೆ ಸಾಕು’ ಎನ್ನುವವರ ಮಾತನ್ನು ಪೂರ್ತಿ ನಂಬಲಾಗದು. ಸತತ 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕುತನ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ 30 ಮಿಲಿಗ್ರಾಂ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ನಿದ್ರಾಹೀನತೆ ಶುರುವಾಗುವುದು ಚಿಂತೆಯಿಂದಲೇ ಇರಬಹುದು: ಮಗಳ ಮದುವೆ, ಸಾಲ, ಪರೀಕ್ಷೆ. ಆದರೆ ಚಿಂತೆ ತೀರಿದ ಮೇಲೂ ನಿದ್ದೆ ಮರಳದಿದ್ದರೆ ಅದಕ್ಕೆ ಬಹುಪಾಲು ನಮ್ಮ ಹೊಸ ಅಭ್ಯಾಸಗಳೇ ಕಾರಣ. ಬೇಗ ಮಲಗಿ ಗಂಟೆಗಟ್ಟಲೆ ಹೊರಳಾಡಿದಾಗ, ಹಾಸಿಗೆ ಎಂದರೆ ಎಚ್ಚರವಾಗಿ ಚಡಪಡಿಸುವ ಜಾಗ ಎಂದು ಮಿದುಳು ಕಲಿತುಬಿಡುತ್ತದೆ. ಟಿವಿ ಮುಂದೆ ತೂಕಡಿಸುತ್ತಿದ್ದವರು ಹಾಸಿಗೆಗೆ ಹೋದ ಕೂಡಲೇ ಕಣ್ಣು ಬಿಟ್ಟುಕೊಳ್ಳುವುದು ಇದರಿಂದಲೇ.

ಇದನ್ನು ಬಿಡಿಸುವ ದಾರಿಯನ್ನು 1987ರಲ್ಲಿ ಅಮೆರಿಕದ ನಿದ್ರಾ ಸಂಶೋಧಕ ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು ತೋರಿಸಿದರು. ಮೊದಲು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಬೇಕು: ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಹೆಚ್ಚುಕಡಿಮೆ ಎಷ್ಟಕ್ಕೆ, ನಡುವೆ ಎಷ್ಟು ಹೊತ್ತು ಎಚ್ಚರ, ಎದ್ದದ್ದು ಎಷ್ಟಕ್ಕೆ. ಬೆಳಿಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು, ರಾತ್ರಿ ಗಡಿಯಾರ ನೋಡುವುದು ಬೇಡ. ಒಬ್ಬರು ಹತ್ತಕ್ಕೆ ಮಲಗಿ ಆರಕ್ಕೆ ಏಳುತ್ತಾರೆ, ನಿಜವಾದ ನಿದ್ದೆ ಸರಾಸರಿ ಐದೂವರೆ ಗಂಟೆ ಎಂದಿಟ್ಟುಕೊಳ್ಳಿ. ಎಂಟು ಗಂಟೆ ಹಾಸಿಗೆಯಲ್ಲಿದ್ದೂ ಶೇ. 69 ಭಾಗ ಮಾತ್ರ ನಿದ್ದೆ. ಅವರು ಏಳುವ ಹೊತ್ತನ್ನು ಆರಕ್ಕೇ ಗಟ್ಟಿಮಾಡಿಕೊಂಡು, ಮಲಗುವುದನ್ನು ರಾತ್ರಿ ಹನ್ನೆರಡೂವರೆಗೆ ಮುಂದೂಡಬೇಕು. ಹಾಸಿಗೆಯಲ್ಲಿ ಐದೂವರೆ ಗಂಟೆ ಮಾತ್ರ. ವಾರದ ಸರಾಸರಿಯಲ್ಲಿ ನಿದ್ದೆಯ ಪಾಲು ಶೇ. 85 ದಾಟಿದರೆ ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತರಬೇಕು. ಮುಂದಿನ ವಾರವೂ ದಾಟಿದರೆ ಮತ್ತೆ 15 ನಿಮಿಷ. ಲೆಕ್ಕ ಎಷ್ಟೇ ಬಂದರೂ ಹಾಸಿಗೆಯ ಹೊತ್ತು ಐದು ಗಂಟೆಗಿಂತ ಕೆಳಗಿಳಿಯಬಾರದು.

ಮಲಗಿ ಇಪ್ಪತ್ತು ನಿಮಿಷವಾಯಿತು ಅನ್ನಿಸಿಯೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂರಬೇಕು. ಬಟ್ಟೆ ಮಡಿಸಬಹುದು, ಹಳೆಯ ಪತ್ರಿಕೆ ತಿರುವಬಹುದು, ಫೋನ್ ಮಾತ್ರ ಬೇಡ. ಕಣ್ಣು ಎಳೆಯತೊಡಗಿದಾಗಲೇ ವಾಪಸ್ಸು. ಒಂದೇ ಕೋಣೆಯ ಮನೆಯಾದರೆ ಗೋಡೆಗೆ ಒರಗಿ ಕೂತರೂ ಆದೀತು, ಹಾಸಿಗೆಯ ಮೇಲಿರಬಾರದು ಅಷ್ಟೆ. ನೆಲದ ಮೇಲೆ ಹಾಸುವವರು ಬೆಳಿಗ್ಗೆ ಹಾಸಿಗೆ ಸುತ್ತಿ ಎತ್ತಿಡುವುದು ಇಲ್ಲಿ ನಿಜಕ್ಕೂ ಉಪಕಾರಿ. ಹಗಲು ಮತ್ತೆ ಅಡ್ಡಾಗುವ ಆಸೆಗೆ ಎಡೆಯೇ ಉಳಿಯುವುದಿಲ್ಲ.

ಮೊದಲ ವಾರ ಹಗಲಿನ ಮಂಪರು ಹೆಚ್ಚಾಗುತ್ತದೆ, ಬಹಳ ಜನ ಕೈಬಿಡುವುದು ಇಲ್ಲೇ. ಆ ಮಂಪರೇ ರಾತ್ರಿಗೆ ಬೇಕಾದ ಒತ್ತಡ. ಅದನ್ನು ಮಧ್ಯಾಹ್ನದ ಜೊಂಪಿನಲ್ಲಿ ಕಳೆದುಕೊಂಡರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಭಾನುವಾರ ಒಂಬತ್ತರವರೆಗೆ ಮಲಗಿದರೆ ದೇಹದ ಗಡಿಯಾರ ಹಿಂದೆ ಬಿದ್ದು ಸೋಮವಾರ ರಾತ್ರಿಯವರೆಗೂ ಕಾಡುತ್ತದೆ. ಎದ್ದ ಮೇಲೆ ಅರ್ಧ ಗಂಟೆ ಅಂಗಳದಲ್ಲೋ ಟೆರೇಸಿನ ಮೇಲೋ ಬೆಳಕಿನಲ್ಲಿದ್ದರೆ ಗಡಿಯಾರ ಜಾಗಕ್ಕೆ ಕೂರುತ್ತದೆ. ತೂಕಡಿಕೆ ಇರುವ ದಿನಗಳಲ್ಲಿ ಬೈಕು, ಕಾರು ಓಡಿಸಬೇಡಿ.

ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆ) ಇರುವವರು ಇದನ್ನು ತಾವಾಗಿ ಮಾಡಕೂಡದು, ನಿದ್ದೆಗೆಡುವುದರಿಂದ ಅವೆರಡೂ ಉಲ್ಬಣಿಸುತ್ತವೆ. ತಿಂಗಳುಗಟ್ಟಲೆ ನಿದ್ದೆಮಾತ್ರೆ ತೆಗೆದುಕೊಂಡವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟಿ ತಟಕ್ಕನೆ ಎಚ್ಚರಾಗುವವರಿಗೆ, ಎಂಟು ಗಂಟೆ ಮಲಗಿಯೂ ಬೆಳಿಗ್ಗೆ ತಲೆಭಾರ ಇರುವವರಿಗೆ ಈ ಲೆಕ್ಕ ಉಪಯೋಗಕ್ಕೆ ಬಾರದು. ಅದು ಗಂಟಲಿನ ಶ್ವಾಸಮಾರ್ಗ ಮುಚ್ಚಿಕೊಳ್ಳುವ ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ರಾತ್ರಿಯ ನಿದ್ರಾ ಪರೀಕ್ಷೆ ಬೇಕು, ಪಕ್ಕದಲ್ಲಿ ಮಲಗುವವರು ಕಂಡದ್ದನ್ನು ವೈದ್ಯರಿಗೆ ಹೇಳಬೇಕು.